ಅರ್ಥವಾದರೆ ತಾನೇ ಪಾಲಿಸೋದು?

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರ ಕೈಗೆ ಎಂ-16 ಎಂಬ ಹೊಸ ರೈಫಲ್ ಬಂತು. ಇದನ್ನು ಅಷ್ಟೇನೂ ಒರೆಸಬೇಕಾಗಿಲ್ಲ ಎಂಬ ಮಾತು ಹಬ್ಬಿತ್ತು. ಒರೆಸುವ ಸಾಮಾನೂ ಮೊದಮೊದಲು ಸಾಕಷ್ಟು ಸಿಗಲಿಲ್ಲ. ಮದ್ದಿನ ಪುಡಿ ಬೇರೆ ಬದಲಾಗಿತ್ತು, ಒಳಗೆ ಮಸಿ ಕಟ್ಟುತ್ತಿತ್ತು. ಕಾಳಗದ ನಡುವೆಯೇ ರೈಫಲ್ ಸಿಕ್ಕಿಕೊಂಡು ಸೈನಿಕರು ಸತ್ತರು. 1967ರಲ್ಲಿ ಅಲ್ಲಿನ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿತು.

1968ರಲ್ಲಿ ಸೈನ್ಯ ಹಂಚಿದ ಪುಟ್ಟ ಕೈಪಿಡಿ ಪೂರಾ ಕಾಮಿಕ್ಸ್! ಚಿತ್ರ ವಿಲ್ ಐಸ್ನರ್ ಅವರದು. ರೈಫಲನ್ನು ಹೆಣ್ಣಿನಂತೆ ವರ್ಣಿಸುವ ಅದರ ಧಾಟಿ ಇಂದು ಮುಜುಗರ ತರುತ್ತದೆ, ಶಾಲೆಗೆ ತರುವ ಹಾಗಿಲ್ಲ. ಆದರೆ ಯಾವುದನ್ನು ಮೊದಲು ಬಿಚ್ಚಬೇಕು, ಎಲ್ಲಿ ಒರೆಸಬೇಕು ಅನ್ನೋದು ನೋಡಿದ ಕೂಡಲೇ ತಿಳಿಯುತ್ತೆ. ಹಾಗಂತ ಪುಸ್ತಕ ಒಂದರಿಂದಲೇ ರೈಫಲ್ ಸರಿಹೋಗಲಿಲ್ಲ. ಗುಂಡು ಕೂರುವ ಜಾಗಕ್ಕೆ ಕ್ರೋಮಿಯಂ ಲೇಪ ಬಂತು, ಬ್ರಷ್ಷೂ ಬಂತು. ಬ್ರಷ್ ಕೊಡದೆ 'ಒರೆಸಿ' ಅಂತ ಎಷ್ಟು ಸರಳವಾಗಿ ಬರೆದರೇನು?

ನೌಕಾಪಡೆ ಲೆಕ್ಕದ ದಾರಿ ಹಿಡಿಯಿತು. 1975ರಲ್ಲಿ ಪೀಟರ್ ಕಿನ್‌ಕೇಡ್ ತಂಡ 531 ನಾವಿಕರಿಗೆ ತರಬೇತಿ ಕೈಪಿಡಿಗಳ 18 ಭಾಗಗಳನ್ನು ಕೊಟ್ಟು, ಎಷ್ಟು ಅರ್ಥವಾಯಿತೆಂದು ಪರೀಕ್ಷಿಸಿತು. ಆಗ ಸಿಕ್ಕ ಸೂತ್ರ ಇದು: ವಾಕ್ಯಕ್ಕೆ ಸರಾಸರಿ ಎಷ್ಟು ಪದ ಎಂಬುದನ್ನು 0.39ರಿಂದ, ಪದಕ್ಕೆ ಸರಾಸರಿ ಎಷ್ಟು ಉಚ್ಚಾರಾಂಶ ಎಂಬುದನ್ನು 11.8ರಿಂದ ಗುಣಿಸಿ, ಕೂಡಿಸಿ, 15.59 ಕಳೆಯಿರಿ. ಬಂದದ್ದು ತರಗತಿ. 20 ಪದದ ವಾಕ್ಯ, ಪದಕ್ಕೆ 1.8 ಉಚ್ಚಾರಾಂಶ ಇದ್ದರೆ 13.45, ಅಂದರೆ ಕಾಲೇಜು ಮಟ್ಟ. 10 ಪದ, 1.4 ಆದರೆ 4.83, ಐದನೇ ತರಗತಿಯ ಮಗು ಓದೀತು.

ಕನ್ನಡಕ್ಕೆ ಹಾಕಿ ನೋಡಿದೆ. 'ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಿರಿ': 4 ಪದ, 16 ಉಚ್ಚಾರಾಂಶ. ಉತ್ತರ 33.17! ಮೂವತ್ತಮೂರನೇ ತರಗತಿ ಯಾವ ಶಾಲೆಯಲ್ಲಿದೆಯೋ! ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ, ಅದರಿಂದ ಕಷ್ಟವಾಗೋದಿಲ್ಲ. ಇಂಗ್ಲಿಷಿನ ಅಳತೆಗೋಲು ಇಲ್ಲಿ ನಡೆಯದು. ನಮಗೆ ಮಕ್ಕಳೇ ಅಳತೆಗೋಲು.

ನಮ್ಮ ಪ್ರಯೋಗಾಲಯದ ಗೋಡೆಯಲ್ಲಿ ಹೀಗಿತ್ತು: 'ಸಾಂದ್ರ ಗಂಧಕಾಮ್ಲವನ್ನು ದುರ್ಬಲಗೊಳಿಸುವ ಸಂದರ್ಭದಲ್ಲಿ ಜಲಕ್ಕೆ ಆಮ್ಲವನ್ನು ಸೇರಿಸತಕ್ಕದ್ದೇ ಹೊರತು ವಿಪರ್ಯಯವಾಗಿ ಅಲ್ಲ.' ಒಬ್ಬ ಹುಡುಗ ಅದನ್ನು ಗಟ್ಟಿಯಾಗಿ ಓದಿ, "ಮಾಷ್ಟ್ರೇ, ವಿಪರ್ಯಯ ಅಂದ್ರೆ ಎಂತ?" ಎಂದ. ಕೈಯಲ್ಲಿ ಆಮ್ಲದ ಬಾಟಲಿ ಇತ್ತು. ಆಮ್ಲಕ್ಕೆ ನೀರು ಸುರಿದರೆ ಹುಟ್ಟುವ ಬಿಸಿಗೆ ಮೇಲಿನ ನೀರು ಕುದಿದು ಮುಖಕ್ಕೆ ಎರಚುತ್ತದೆ. ಆ ಚೀಟಿ ಐದು ವರ್ಷದಿಂದ ನನ್ನ ಕಣ್ಣೆದುರೇ ಇತ್ತು.

ಈಗ ಅಲ್ಲಿ ಬೀಕರಿನ ಚಿತ್ರವಿದೆ, ಕೆಳಗೆ 'ಮೊದಲು ನೀರು. ಆಮೇಲೆ ಆಸಿಡ್, ಸ್ವಲ್ಪ ಸ್ವಲ್ಪವೇ.' ಚಿತ್ರ ಬರೆದದ್ದು ಆ ಹುಡುಗನೇ. 'ಕನ್ನಡಕ ಹಾಕಿ' ಎಂದೂ ಸೇರಿಸಿದ್ದಾನೆ. ಮಕ್ಕಳು ಮೂವತ್ತೆಂಟು, ಕನ್ನಡಕ ನಾಲ್ಕು. ಬೇಡಿಕೆ ಪತ್ರ ಕೊಟ್ಟಿದ್ದೇನೆ.