ಹಡಗು ಕಾಯುವ ಬಾಬಾ, ಕಾಫಿ ಬೆಳೆಯುವ ಅರಕು

ಗುಂಟೂರು ಬಿಟ್ಟು ವಿಜಯವಾಡದತ್ತ ಹೊರಟ ರೈಲಿನ ಕಿಟಕಿಗೆ ಮಂಗಳಗಿರಿಯ ಬೆಟ್ಟ ಬಂತು. ತಪ್ಪಲಲ್ಲಿ ಹನ್ನೊಂದು ಅಂತಸ್ತಿನ ಗೋಪುರ. ಮೇಲೆ ಪಾನಕಾಲ ನರಸಿಂಹ. ತೆರೆದ ಬಾಯಿಗೆ ಅರ್ಚಕರು ಬೆಲ್ಲದ ಪಾನಕ ಹೊಯ್ಯುತ್ತಾರೆ. ಸ್ವಾಮಿ ಅರ್ಧ ಕುಡಿದು ಉಳಿದರ್ಧವನ್ನು ಭಕ್ತರಿಗೆ ಬಿಡುತ್ತಾನಂತೆ. ಇಷ್ಟು ಬೆಲ್ಲ ಹರಿದರೂ ಅಲ್ಲಿ ಒಂದು ಇರುವೆ ಸುಳಿಯುವುದಿಲ್ಲ ಎಂದು ಎದುರು ಸೀಟಿನ ಹಿರಿಯರು ಆಣೆ ಮಾಡುವವರಂತೆ ಹೇಳಿದರು. ಚಿಕ್ಕಮಗಳೂರಿನವನಾದ ನನಗೆ ಈ ಮಾತು ವಿಚಿತ್ರವೆನಿಸಲಿಲ್ಲ. ಬೆಟ್ಟ ಹತ್ತಿದವರಿಗೆ ಕುಡಿಯಲು ಏನಾದರೂ ಸಿಗಬೇಕೆಂಬುದು ನಮ್ಮಲ್ಲೂ ಹಳೆಯ ಲೆಕ್ಕವೇ. ನಮ್ಮ ಬಾಬಾಬುಡನ್‌ಗಿರಿಯ ಬಾಬಾ ಕೊಟ್ಟದ್ದು ಕಾಫಿ.

ನಾನು ಹೊರಟಿದ್ದು ಆ ಗಿರಿಯಂತೆಯೇ ದರ್ಗಾ ಮತ್ತು ಕಾಫಿ ತೋಟ ಎರಡೂ ಇರುವ ಸೀಮೆಗೆ. ವಿಶಾಖಪಟ್ಟಣದ ಕಡೆ ಎರಡೂ ಇವೆ, ಆದರೆ ಒಟ್ಟಿಗಿಲ್ಲ. ದರ್ಗಾ ಸಮುದ್ರದ ದಡದ ಗುಡ್ಡದ ಮೇಲೆ, ತೋಟ ಸುಮಾರು 115 ಕಿಲೋಮೀಟರ್ ಒಳಗೆ ಅರಕು ಕಣಿವೆಯಲ್ಲಿ.

ಹಳೇ ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಒಣಮೀನಿನ ವಾಸನೆ ಹಿಡಿದು ನಡೆದರೆ ಬಂದರಿನ ಬಾಯಿ. ಅಲ್ಲಿ ಮೂರು ಗುಡ್ಡಗಳು ಅಕ್ಕಪಕ್ಕ ನಿಂತಿವೆ. ಒಂದರ ಮೇಲೆ ವೆಂಕಟೇಶ್ವರ. ಇನ್ನೊಂದರ ಮೇಲೆ, 1864ರಲ್ಲಿ ರಾಸ್ ಎಂಬ ದೊರೆ ಮನೆ ಕಟ್ಟಿಸಿದ ಜಾಗದಲ್ಲಿ, ಮರಿಯಮ್ಮನವರ ಇಗರ್ಜಿ. ಮತ್ತೊಂದು ದರ್ಗಾ ಕೊಂಡ, ಇಸಾಕ್ ಮದೀನಾ ಔಲಿಯಾರದು. ಮೆಟ್ಟಿಲ ಕೊನೆಯಲ್ಲಿ ಲೋಬಾನದ ಹೊಗೆ, ಗುಲಾಬಿ ಎಸಳು, ನವಿಲುಗರಿ. ಹಣೆಗೆ ಕುಂಕುಮವಿಟ್ಟ ಬೆಸ್ತರ ಹೆಂಗಸೊಬ್ಬಳು ಮಗುವಿನ ತಲೆಯನ್ನು ಹೊಸ್ತಿಲಿಗೆ ಮುಟ್ಟಿಸಿ, ಮಗು ಅತ್ತಾಗ ಅಲ್ಲೇ ಕುಳಿತು ಬಿಸ್ಕತ್ತು ಕೊಟ್ಟಳು. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಬಂಗಾಳಕೊಲ್ಲಿಯ ಗಾಳಿ ಅಲೆಗಳೆಲ್ಲ ಈ ಬಾಬಾನ ಮಾತು ಕೇಳುತ್ತವೆಂದು ನಾವಿಕರು ನಂಬಿದ್ದರು. ಬಿರುಗಾಳಿಗೆ ಸಿಕ್ಕಿ ಬದುಕಿ ಬಂದ ಹಡಗುಗಳ ಹಿಂದೂ ಮಾಲೀಕರು ಬೆಳ್ಳಿಯ ಪುಟ್ಟ ದೋಣಿ ಮಾಡಿಸಿ ಹರಕೆ ಒಪ್ಪಿಸುತ್ತಿದ್ದರೆಂದೂ, ಬಂದರು ದಾಟುವ ಹಡಗುಗಳು ಬಾವುಟ ಇಳಿಸಿ ಏರಿಸಿ ಸಲಾಮು ಹೊಡೆಯುತ್ತಿದ್ದವೆಂದೂ ಬ್ರಿಟಿಷರ ಕಾಲದ ಬರಹಗಳಲ್ಲಿದೆ. ಈಗ ಕೆಳಗಿನ ಕಾಲುವೆಯಲ್ಲಿ ಅದಿರಿನ ಹಡಗೊಂದು ಟಗ್ ಬೋಟುಗಳ ಹಿಂದೆ ಮೈಭಾರದಿಂದ ಸಾಗುತ್ತಿತ್ತು. ಆಚೆ ದಡದಲ್ಲಿ ಡಾಲ್ಫಿನ್ ನೋಸ್ ಗುಡ್ಡ ನೀರಿಗೆ ಮೂತಿ ಚಾಚಿತ್ತು. ಹಿಂದೂ-ಮುಸ್ಲಿಂ ವಿವಾದದಿಂದಾಗಿ ಕಾವಲಿರುವ ನಮ್ಮ ಗಿರಿಗೆ ಹೋಗಿ ಬರುವ ನನ್ನ ಕಣ್ಣು ಅಭ್ಯಾಸಬಲದಿಂದ ಪೊಲೀಸರ ಬ್ಯಾರಿಕೇಡು ಹುಡುಕಿತು. ಇಲ್ಲಿ ಚಪ್ಪಲಿ ಕಾಯುವ ಮುದುಕನ ಹೊರತು ಕಾವಲಿಗೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಿರಂದುಲ್ ಪ್ಯಾಸೆಂಜರ್. ಬೈಲಾಡಿಲದ ಕಬ್ಬಿಣದ ಅದಿರನ್ನು ಜಪಾನಿಗೆ ಸಾಗಿಸಲೆಂದು 1960ರ ದಶಕದಲ್ಲಿ ಹಾಕಿದ ದಾರಿ ಇದು. ಜನ ಹತ್ತಿದ್ದು ಆಮೇಲೆ. ಶೃಂಗವರಪುಕೋಟ ದಾಟಿದ ಮೇಲೆ ಘಾಟಿ. ಸುರಂಗ ಬಂದಾಗಲೆಲ್ಲ ಕಾಲೇಜು ಹುಡುಗರು ಊಳಿಡುತ್ತಾರೆ, ಹೊರಬಂದೊಡನೆ ಮೊಬೈಲು ಎತ್ತುತ್ತಾರೆ. ಬೊರ್ರಾ ಗುಹೆಗಳ ಬಳಿ ಗೋಸ್ತನಿ ಹೊಳೆಯ ಕಮರಿ. ಗುಹೆಗಳ ವರ್ಣನೆ ಪ್ರವಾಸದ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಶಿಮಿಲಿಗುಡ ನಿಲ್ದಾಣದ ಎತ್ತರ 996 ಮೀಟರ್. ಅಲ್ಲಿಂದ ಮುಂದೆ ಗಾಳಿ ತಣ್ಣಗಾಗಿ ಕಿಟಕಿಯ ತುಂಬ ಹಳದಿ: ಇಳಿಜಾರುಗಳಲ್ಲಿ ಹುಚ್ಚೆಳ್ಳು ಹೂಬಿಟ್ಟಿತ್ತು. ರಾಗಿ ಹೊಲದ ಬದುವಿನಲ್ಲಿ ನಾವು ಒಂದು ಸಾಲು ಬಿತ್ತುವ ಹುಚ್ಚೆಳ್ಳನ್ನು ಇಲ್ಲಿ ಗುಡ್ಡಕ್ಕೆ ಗುಡ್ಡವೇ ಬೆಳೆಯುತ್ತಾರೆ.

ತೋಟ ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಎಂದು ತಿಳಿಯದಿರುವುದೇ ಅರಕಿನಲ್ಲಿ ಮೊದಲು ಕಣ್ಣಿಗೆ ಬೀಳುವ ಸಂಗತಿ. ಗೇಟಿಲ್ಲ, ಎಸ್ಟೇಟಿನ ಹೆಸರು ಬರೆದ ಕಮಾನಿಲ್ಲ. ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ, ಕೆಳಗೆ ಅರೇಬಿಕಾ ಗಿಡ, ನೆಲದಲ್ಲಿ ಕೊಳೆತ ಎಲೆಯ ಮೆತ್ತೆ, ಇವೆಲ್ಲ ನಮ್ಮಲ್ಲಿದ್ದಂತೆಯೇ. ಆದರೆ ಲೈನ್ ಮನೆಗಳಿಲ್ಲ, ರೈಟರಿಲ್ಲ, ಜೀಪಿನಲ್ಲಿ ಬಂದಿಳಿಯುವ ಸಾಹುಕಾರರಿಲ್ಲ. ಬಗತ, ಕೊಂಡದೊರ, ಪೋರ್ಜ, ವಾಲ್ಮೀಕಿ ಮನೆತನಗಳ ಎಕರೆ, ಎರಡೆಕರೆ ತುಂಡುಗಳು. ಕುಮರಿ ಬೇಸಾಯಕ್ಕೆ ಕಾಡು ಸುಡುವುದು ತಪ್ಪಲಿ ಎಂದು ಸರ್ಕಾರ ಕೊಟ್ಟ ಗಿಡ ಕೊನೆಗೆ ಅವರ ಕೈಯಲ್ಲೇ ನಿಂತಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಹಲವರಿಗೆ ಪಟ್ಟಾ ಕೂಡ ಸಿಕ್ಕಿತು. ಬಡತನ ಬಿಟ್ಟುಹೋಗಿದೆ ಎಂದಲ್ಲ. ಮುಂಗಡ ಕೊಟ್ಟು ಹಣ್ಣು ಬರೆಸಿಕೊಳ್ಳುವ ದಲ್ಲಾಳಿ ಇಲ್ಲೂ ಇದ್ದಾನೆ. ಗಿರಿಜನ ಸಹಕಾರಿ ಸಂಸ್ಥೆಯ ಖರೀದಿ ಇರುವುದರಿಂದ ಅವನ ಆಟ ಪೂರ್ತಿ ನಡೆಯುವುದಿಲ್ಲ, ಅಷ್ಟೆ.

2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಐದು ಕಾಫಿಗಳಲ್ಲಿ ಅರಕಿನದೂ ಒಂದು, ಬಾಬಾಬುಡನ್‌ಗಿರಿಯದೂ ಒಂದು. ಪ್ಯಾರಿಸ್ಸಿನಲ್ಲಿ 2017ರಲ್ಲಿ ಅರಕು ಕಾಫಿಯ ಅಂಗಡಿಯೇ ತೆರೆಯಿತು. ಯೆಮನ್ನಿನ ಸೂಫಿಗಳು ಇರುಳಿನ ನಾಮಸ್ಮರಣೆಯಾದ ಜಿಕ್ರ್‌ಗೆ ನಿದ್ದೆ ತಡೆಯಲು ಕುಡಿಯುತ್ತಿದ್ದ ಕಷಾಯವೇ ಕಾಫಿ. ಅದರ ಏಳು ಬೀಜಗಳನ್ನು ಬಾಬಾಬುಡನ್ ಮೈಯಲ್ಲಿ ಬಚ್ಚಿಟ್ಟು ಮೋಕಾ ಬಂದರಿನಿಂದ ತಂದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಫಕೀರ ತಂದದ್ದು ಒಂದು ಮುಷ್ಟಿಯೂ ಇಲ್ಲ, ಅದೂ ಕದ್ದು. ಅದನ್ನು ನೂರಾರು ಎಕರೆಗೆ ಬೇಲಿ ಹಾಕಿ ಬೆಳೆಯುವ ಕಲೆ ಬಿಳಿಯರು ಕಲಿಸಿದ್ದು, ನಾವು ಚೆನ್ನಾಗಿಯೇ ಕಲಿತೆವು. ಫಕೀರನ ಅಳತೆಗೆ ಹತ್ತಿರವಿರುವುದು ಅರಕಿನ ತುಂಡು ತೋಟವೇ ಎಂದು ನನ್ನ ತಕರಾರು. ಊರಿನ ಪ್ಲಾಂಟರ್ ಗೆಳೆಯರು ಒಪ್ಪುವುದಿಲ್ಲ.

ಸಂತೆಯ ದಿನ. ಊಟದೆಲೆ ಹೊಲಿಯುವ ಅಡ್ಡಾಕಿನ ಕಟ್ಟು, ಶುಂಠಿ, ಒಣಮೀನು, ಬಿದಿರಿನ ಕೊಳವೆಯಲ್ಲಿ ಬೇಯುತ್ತಿದ್ದ ಕೋಳಿ. ಕಾಫಿ ನಾಡಿನ ಸಂತೆಯಲ್ಲಿ ಎಲ್ಲರ ಕೈಯಲ್ಲೂ ಟೀ! ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಹೆಂಗಸಿನ ಬೆರಳುಗಳಿಗೆ ಕಾಫಿ ಹಣ್ಣಿನ ಕಪ್ಪು ಅಂಟು ಹಿಡಿದಿತ್ತು, ಮೂಗಿನಲ್ಲಿ ಮೂರು ನತ್ತು. ನನ್ನ ಹರಕು ತೆಲುಗಿನಲ್ಲಿ ಊರು ಹೇಳಿ, ನಮ್ಮಲ್ಲೂ ಕಾಫಿಯೇ ಎಂದೆ.

"ಹಾಗಾದರೆ ನಿಮ್ಮ ತೋಟ ಎಷ್ಟು ಎಕರೆ, ಬಾಬೂ?"

ಇಲ್ಲ ಎಂದೆ.

"ಕಾಫಿ ಊರಲ್ಲಿದ್ದೂ ತೋಟವಿಲ್ಲವೆ?" ಆಕೆ ಗ್ಲಾಸು ಕೆಳಗಿಟ್ಟು ಆಚೆ ಕುಳಿತ ಸೊಸೆಗೆ ತಮ್ಮ ಮಾತಿನಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು. ನನ್ನ ಟೀ ದುಡ್ಡನ್ನು ಆಕೆಯೇ ಕೊಟ್ಟಳು.