ಬೀಗ ಸಂದೇಶಕ್ಕೆ, ವಿಳಾಸಕ್ಕಲ್ಲ

ಮಾಲೂರಿನ ಓದುಗರೊಬ್ಬರ ಪ್ರಶ್ನೆ: ‘ವಾಟ್ಸ್ಆ್ಯಪ್ ಸಂದೇಶಕ್ಕೆ ಬೀಗ ಇದೆ ಅಂತಾರೆ. ಹಾಗಿದ್ದ ಮೇಲೆ ಸರ್ಕಾರಕ್ಕೆ ನಮ್ಮ ವಿಷಯ ಗೊತ್ತಾಗೋದು ಹೇಗೆ?’

ಬೀಗ ಇರುವುದು ನಿಜ. 2016ರ ಏಪ್ರಿಲ್‌ನಿಂದ ವಾಟ್ಸ್ಆ್ಯಪ್‌ನ ಎಲ್ಲ ಸಂದೇಶಗಳೂ ಗೂಢಲಿಪಿಯಲ್ಲೇ ಹೋಗುತ್ತವೆ. ಆದರೆ ಒಬ್ಬರ ಬದುಕು ತಿಳಿಯಲು ಅವರ ಸಂದೇಶ ಓದಲೇಬೇಕು ಎಂದೇನೂ ಇಲ್ಲ.

ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಬರೆದ ಪ್ರಬಂಧದ ತಳಹದಿಯ ಮೇಲೇ ಇಂದಿನ ಇಂಟರ್‌ನೆಟ್ ನಿಂತಿದೆ. ಮಾಹಿತಿಯನ್ನು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಒಡೆದು ಕಳಿಸುವುದು ಅದರ ಕ್ರಮ. ಎಲ್ಲಿಂದ ಹೊರಟಿತು, ಎಲ್ಲಿಗೆ ಸೇರಬೇಕು ಎಂಬ ವಿಳಾಸ ಪ್ರತಿ ಪ್ಯಾಕೆಟ್‌ನ ನೆತ್ತಿಯ ಮೇಲಿರುತ್ತದೆ. ದಾರಿಯ ರೂಟರ್‌ಗಳೆಲ್ಲ ಅದನ್ನು ಓದಲೇಬೇಕು.

ಬೆಳಗಿನ ಜಾವ ಕೋಲಾರದ ಎಪಿಎಂಸಿಗೆ ಹೋದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಹದಿನೈದು ಕೆ.ಜಿ. ಟೊಮೆಟೊ ಕ್ರೇಟುಗಳಿಗೆಲ್ಲ ಮುಚ್ಚಳ ಹಾಕಿ ಬೀಗ ಜಡಿದಿದ್ದಾರೆ ಎಂದುಕೊಳ್ಳಿ. ಯಾರ ತೋಟದ್ದು, ಯಾವ ಮಂಡಿಗೆ ಎಂಬ ಚೀಟಿ ಮಾತ್ರ ಹೊರಗೇ ಇರಬೇಕು. ಇಲ್ಲದಿದ್ದರೆ ಹಮಾಲಿ ಅದನ್ನು ಎಲ್ಲಿ ಇಳಿಸಬೇಕು? ಗೇಟಿನಲ್ಲಿ ನಿಂತು ಬರೀ ಚೀಟಿ ಬರೆದುಕೊಂಡವನಿಗೆ, ಒಂದೇ ಸುಗ್ಗಿಯಲ್ಲಿ, ಶ್ರೀನಿವಾಸಪುರದ ಯಾವ ರೈತನ ಬೋರ್‌ವೆಲ್ ಬತ್ತಿರಬೇಕು, ಮುಳಬಾಗಿಲಿನ ಯಾರು ಹಳೇ ಮಂಡಿ ಬಿಟ್ಟು ಹೊಸಬರ ಹತ್ತಿರ ಮುಂಗಡ ತಗೊಂಡಿರಬೇಕು ಎಂಬುದೆಲ್ಲ ತಿಳಿದುಹೋಗುತ್ತದೆ. ಒಂದೇ ಒಂದು ಹಣ್ಣನ್ನೂ ಅವನು ಮುಟ್ಟಿರುವುದಿಲ್ಲ.

ನೀವು ಎಷ್ಟು ಹೊತ್ತಿಗೆ ವಾಟ್ಸ್ಆ್ಯಪ್ ತೆರೆದಿರಿ ಎಂಬುದನ್ನು ಮೊಬೈಲ್ ಕಂಪನಿ ಕಾಣಬಲ್ಲದು. ಯಾರಿಗೆ ಕಳಿಸಿದಿರಿ ಎಂಬುದನ್ನು ವಾಟ್ಸ್ಆ್ಯಪ್‌ನ ಸರ್ವರ್ ಕಾಣಬಲ್ಲದು. ಮಾಮೂಲಿ ಕರೆಯಾದರೆ ಎರಡೂ ಮೊಬೈಲ್ ಕಂಪನಿಯ ಕೈಯಲ್ಲೇ. ಸಂಜೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಒಂದು ಕರೆ, ಮರುದಿನ ಚಿನ್ನದ ಸಾಲ ಕೊಡುವವರಿಗೆ ಇನ್ನೊಂದು: ಆ ಮನೆಯಲ್ಲಿ ಏನಾಗಿದೆ ಎಂದು ಊಹಿಸಲು ಮಾತು ಕೇಳಬೇಕೇ? ಕರೆ ಮತ್ತು ಇಂಟರ್‌ನೆಟ್ ಸಂಪರ್ಕದ ಇಂಥ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಉಳಿಸಿಕೊಳ್ಳಬೇಕೆಂದು 2021ರ ಡಿಸೆಂಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಲೈಸೆನ್ಸಿನ ಷರತ್ತು ಬದಲಿಸಿತು.

ಇಲ್ಲಿ ಕೋಲಾರದ ಮಣ್ಣಿನ ಹಿರಿಯರೊಬ್ಬರನ್ನು ನೆನೆಯಲೇಬೇಕು. ಕೋಲಾರದ ಬಳಿಯ ಹಳ್ಳಿಯೊಂದರಲ್ಲಿ 1926ರಲ್ಲಿ ಹುಟ್ಟಿ, ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. ಅದಕ್ಕೆ ಆಧಾರವಾಗಿ ಹಿಡಿದ ತೀರ್ಪುಗಳಲ್ಲಿ 1962ರ ಖರಕ್ ಸಿಂಗ್ ಪ್ರಕರಣವೂ ಒಂದು. ಉತ್ತರ ಪ್ರದೇಶದ ಪೊಲೀಸರು ರಾತ್ರಿ ಹೊತ್ತು ಅವರ ಮನೆ ಬಾಗಿಲು ತಟ್ಟುತ್ತಿದ್ದರು, ಓಡಾಟವನ್ನೂ ಗಮನಿಸುತ್ತಿದ್ದರು. ಬಾಗಿಲು ತಟ್ಟುವುದು ತಪ್ಪು, ಓಡಾಟ ಗಮನಿಸಿದರೆ ತಪ್ಪಿಲ್ಲ ಎಂದಿತು ಅಂದಿನ ಬಹುಮತ. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಹಿಂದೆಯೇ ಒಂದು ಕಣ್ಣಿದ್ದರೆ ಮನುಷ್ಯ ಸ್ವತಂತ್ರವಾಗಿ ನಡೆಯಲಾರ ಎಂಬುದು ಅವರ ವಾದದ ತಿರುಳು. ಇಂಟರ್‌ನೆಟ್ ಹುಟ್ಟುವ ಮೊದಲೇ ಈ ಮಾತು ಬಂದದ್ದು ನನಗೆ ಈಗಲೂ ಬೆರಗು.

2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದ ಪೀಠದ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಮರುವರ್ಷ ಆಧಾರ್ ಬಹುಪಾಲು ಊರ್ಜಿತವಾಯಿತು, ನಿಜ. ಆದರೂ ಸರ್ಕಾರ ಇಣುಕಬೇಕಾದರೆ ಕಾನೂನಿನ ಬಲ ಇರಬೇಕು, ನ್ಯಾಯವಾದ ಉದ್ದೇಶವಿರಬೇಕು, ಅಗತ್ಯಕ್ಕಿಂತ ಹೆಚ್ಚು ಕೆದಕಬಾರದು ಎಂಬ ಅಳತೆಗೋಲು ಉಳಿಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ಅಳತೆಗೋಲನ್ನು ದಾಖಲೆಗಳಿಗೆ ಹಿಡಿದು ನೋಡಿ. ನಿಮ್ಮ ಮಾತು ಕದ್ದಾಲಿಸಲು ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಅದನ್ನು ಪರಿಶೀಲಿಸುವ ರಾಜ್ಯ ಸಮಿತಿಗೆ ಮುಖ್ಯ ಕಾರ್ಯದರ್ಶಿಯೇ ಅಧ್ಯಕ್ಷರು. ಕರೆ ವಿವರ ತರಿಸಿಕೊಳ್ಳಲು ಅಷ್ಟೂ ಬೇಡ, ಪೊಲೀಸ್ ಅಧಿಕಾರಿಯ ಲಿಖಿತ ಸೂಚನೆ ಸಾಕು. ಎರಡರಲ್ಲೂ ನ್ಯಾಯಾಧೀಶರ ಸಹಿ ಕಡ್ಡಾಯವಲ್ಲ. ಯಾರೊಡನೆ, ಯಾವಾಗ, ಎಷ್ಟು ಹೊತ್ತು ಎಂಬ ಪಟ್ಟಿ ಮಾತಿನಷ್ಟೇ ಹೇಳಬಲ್ಲದು ಎಂದ ಮೇಲೆ, ಅದನ್ನು ತೆರೆಯುವ ಮುನ್ನ ಮ್ಯಾಜಿಸ್ಟ್ರೇಟರ ಒಪ್ಪಿಗೆಯಾದರೂ ಇರಲಿ ಎಂದು ಕೇಳಲು 2017ರ ತೀರ್ಪೇ ನಮಗೆ ಆಧಾರ.