ಗ್ರಹಣದ ಪಾಠ: ಶಾಲೆಯಲ್ಲಿ ಧರ್ಮ ಮತ್ತು ವಿಜ್ಞಾನ

ಧರ್ಮ ಮತ್ತು ವಿಜ್ಞಾನಗಳ ಸಂಬಂಧವನ್ನು ಶಾಲೆಯಲ್ಲಿ ಬೋಧಿಸುವ ಪ್ರಶ್ನೆ ಬಂದಾಗಲೆಲ್ಲ ಚರ್ಚೆಯು 1633ರ ಗೆಲಿಲಿಯೋ ವಿಚಾರಣೆಯಿಂದ ಆರಂಭವಾಗುವುದು ವಾಡಿಕೆ. ಆ ಪ್ರಕರಣದ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ವಿದ್ಯಾರ್ಥಿಯ ಪರಿಸ್ಥಿತಿ ಬೇರೆ. ಗ್ರಹಣವು ನೆರಳಿನ ಆಟವೆಂದು ಅವನು ಉತ್ತರಪತ್ರಿಕೆಯಲ್ಲಿ ಬರೆಯುತ್ತಾನೆ. ಮನೆಯಲ್ಲಿ ಗ್ರಹಣ ಬಿಡುವವರೆಗೆ ಉಪವಾಸವಿರುತ್ತಾನೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಸಂದರ್ಭವೇ ಅವನಿಗೆ ಒದಗುವುದಿಲ್ಲ. ಹೀಗೆ ಕಲಿತ ವಿಜ್ಞಾನ ಪರೀಕ್ಷೆಯೊಡನೆ ಮುಗಿಯುತ್ತದೆ.

ಈ ಇಬ್ಬಂದಿಗೆ ನಮ್ಮಲ್ಲಿಯೇ ದೀರ್ಘ ಇತಿಹಾಸವಿದೆ. ಚಂದ್ರನು ಸೂರ್ಯನನ್ನೂ ಭೂಮಿಯ ನೆರಳು ಚಂದ್ರನನ್ನೂ ಮರೆಮಾಡುತ್ತವೆಂದು ಆರ್ಯಭಟನು ಕ್ರಿ.ಶ. 499ರ ತನ್ನ ಗ್ರಂಥದಲ್ಲಿ ಹೇಳಿದನು. 628ರಲ್ಲಿ ಬ್ರಹ್ಮಗುಪ್ತನು, ರಾಹುವನ್ನು ನಿರಾಕರಿಸುವುದು ಶ್ರುತಿಸ್ಮೃತಿಗಳಿಗೆ ವಿರುದ್ಧವೆಂದು ಆಕ್ಷೇಪಿಸಿದನು. ಗಣಿತವನ್ನು ಮಾತ್ರ ನೆರಳಿನ ಆಧಾರದ ಮೇಲೆಯೇ ನಡೆಸಿದನು. ಇದನ್ನು ಓದಿದ ಅಲ್‌ಬಿರೂನಿ ಸುಮಾರು 1030ರಲ್ಲಿ ಅಚ್ಚರಿಪಟ್ಟು, ಸಾಕ್ರಟೀಸನಿಗೆ ಒದಗಿದಂತಹ ವಿಪತ್ತಿನ ಭಯ ಇದಕ್ಕೆ ಕಾರಣವಾಗಿರಬಹುದೆಂದು ಊಹಿಸಿದನು. ಆ ಊಹೆ ನಮಗೆ ಪೂರ್ತಿ ಒಪ್ಪಿಗೆಯಾಗದು. ಆದರೂ ಹತ್ತನೆಯ ತರಗತಿಯಲ್ಲಿ ಚರ್ಚಿಸಲು ಇದಕ್ಕಿಂತ ಉತ್ತಮವಾದ ಪ್ರಕರಣ ನಮಗೆ ತೋರದು. ಪಂಚಾಂಗಕಾರನ ರಾಹುವಾದರೋ ಚಂದ್ರನ ಪಥವು ಸೂರ್ಯನ ಪಥವನ್ನು ಛೇದಿಸುವ ಒಂದು ಬಿಂದು, ಸುಮಾರು 18.6 ವರ್ಷಗಳಲ್ಲಿ ಅದು ರಾಶಿಚಕ್ರವನ್ನು ಒಮ್ಮೆ ಸುತ್ತುತ್ತದೆ. ಪುರಾಣದ ಹೆಸರು ಗಣಿತದಲ್ಲಿ ಉಳಿದುಕೊಂಡ ಬಗೆ ಇದು.

ಬೋಧನೆಗೆ ಉಪಯುಕ್ತವಾದ ವಿವೇಚನೆಯೊಂದನ್ನು ಮೀಮಾಂಸಕರು ಒದಗಿಸಿದ್ದಾರೆ. ಮಾಡಬೇಕಾದುದನ್ನು ಹೇಳುವ ವಾಕ್ಯ ವಿಧಿ. ಅದನ್ನು ಪ್ರಶಂಸಿಸುವ ವಾಕ್ಯ ಅರ್ಥವಾದ. ಗ್ರಹಣಕಾಲದಲ್ಲಿ ಜಪ ಮಾಡಬೇಕೆಂಬುದು ಆಚರಣೆಯ ಮಾತು. ಪ್ರಯೋಗಶಾಲೆ ಅದನ್ನು ತೀರ್ಮಾನಿಸಲಾರದು. ಆ ಹೊತ್ತಿನಲ್ಲಿ ಅನ್ನ ವಿಷವಾಗುತ್ತದೆಂಬುದು ಪ್ರಕೃತಿಯ ಕುರಿತ ಹೇಳಿಕೆ. ಅದನ್ನು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದೆಂಬ ಅಜ್ಜಿಯ ಮಾತು ಮಾತ್ರ ಎರಡೂ ಕಡೆ ನಿಲ್ಲುತ್ತದೆ.

ಸಂವಿಧಾನದ 28ನೆಯ ಅನುಚ್ಛೇದವು, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಶಿಕ್ಷಣವನ್ನು ನಿಷೇಧಿಸುತ್ತದೆ. ಧರ್ಮಗಳ ಬಗ್ಗೆ ತಿಳಿವಳಿಕೆ ನೀಡುವುದು ಈ ನಿಷೇಧಕ್ಕೆ ಒಳಪಡುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಶಿಕ್ಷಕರು ಈ ಪಾಠಕ್ಕೆ ಹಿಂಜರಿಯಬೇಕಾಗಿಲ್ಲ.

ಹೊರನಾಡಿನ ಸಂಶೋಧಕರು ಈ ಪಾಠಕ್ಕೆ ಒದಗಿಸಬಹುದಾದ ಸಾಮಗ್ರಿಯೂ ಇದೆ. ಸೂರ್ಯಗ್ರಹಣ, ಸೋಮಗ್ರಹಣಗಳ ನಿಮಿತ್ತ ಭೂಮಿಯನ್ನು ದಾನವಿತ್ತ ಕನ್ನಡ ಶಾಸನಗಳು ಹೇರಳವಾಗಿವೆ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಅವನ್ನು ನೋಡಬಹುದು. ದಾನ ಧರ್ಮದ ಕಾರ್ಯ. ಅದರ ದಿನವನ್ನು ಮುಂಚಿತವಾಗಿ ತಿಳಿಯಲು ಗಣಿತ ಬೇಕಾಗಿತ್ತು. ಅಂತಹ ಒಂದು ಶಾಸನದ ಶಕವರ್ಷ, ಮಾಸ, ತಿಥಿ, ವಾರಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಆ ದಿನ ಗ್ರಹಣವಿತ್ತೇ ಎಂದು ಇಂದಿನ ಕೋಷ್ಟಕಗಳಲ್ಲಿ ಹುಡುಕಿಸಬೇಕು. ಹಲವು ಶಾಸನಗಳ ವಿವರ ಸರಿಹೊಂದುತ್ತದೆ, ಕೆಲವುಗಳದು ಹೊಂದುವುದಿಲ್ಲ. ಹೊಂದದಿದ್ದಲ್ಲಿ ಅದು ಲಿಪಿಕಾರನ ತಪ್ಪೋ, ಶಾಸನವೇ ಕೂಟವೋ, ಗ್ರಹಣ ನಡೆದೂ ಇಲ್ಲಿಗೆ ಕಾಣಲಿಲ್ಲವೋ ಎಂಬುದನ್ನು ವಿದ್ಯಾರ್ಥಿಗಳೇ ವಾದಿಸಲಿ.